ವೃತ್ತದ ಸುತ್ತ ಐದು ನಿಮಿಷ

ಬ್ರೇಕ್ ಮೇಷ್ಟ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತಾರು ವರ್ಷದಿಂದ ಅವರು ಊರಿನವರಿಗೆ ಕಾರು ಕಲಿಸುತ್ತಿದ್ದರು. ಕಲಿಯುವವರ ಪಕ್ಕ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ತುಳಿಯುತ್ತ ಗಂಟಲು ಹರಿಯುವಂತೆ ಕೂಗುವುದೇ ಅವರ ವಿದ್ಯೆ. "ಅದು ಕ್ಲಚ್ಚು ಕಣ್ರೀ, ಹೊಸಿಲಲ್ಲ, ದಾಟಿ ಹೋಗೋಕೆ!" ಅಂದರೆ ಎದುರಿನ ಅಂಗಡಿಯವನೂ ಬೆಚ್ಚಿ ಬೀಳುತ್ತಿದ್ದ.

ಅಂಥವರು, ಒಬ್ಬಳೇ ಮಗಳು ಸೈನ್ಯ ಸೇರುತ್ತೇನೆ ಎಂದಾಗ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಅವಳು ತರಬೇತಿಗೆ ಹೊರಟ ಬೆಳಿಗ್ಗೆ ಬಸ್ಸಿನ ಸುತ್ತ ನಡೆದು ಆರೂ ಚಕ್ರ ಒದ್ದು ನೋಡಿದರು. ಡ್ರೈವರ್ ಕಿಟಕಿಯಿಂದ ಇಣುಕಿ, "ನಮಸ್ಕಾರ ಮೇಷ್ಟ್ರೇ! ನಿಮ್ಮ ಹತ್ರಾನೇ ಕಲಿತಿದ್ದು ನಾನು" ಅಂದ. ಅಲ್ಲಿಗೆ ಅವರ ಜೀವ ಪೂರ್ತಿ ಬಾಯಿಗೆ ಬಂತು.

ತರಬೇತಿ ಹತ್ತು ವಾರ. ಮೊಬೈಲು ಅಲ್ಲಿಯ ಆಫೀಸಿನ ಕಪಾಟಿನಲ್ಲಿ. ಭಾನುವಾರ ಬೆಳಿಗ್ಗೆ ಐದು ನಿಮಿಷ ಮಾತ್ರ ಕೈಗೆ ಸಿಗುತ್ತದೆ. ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರು. ಊರಿನವರ ಕರೆಗಳನ್ನೆಲ್ಲ ಅರ್ಧ ನಿಮಿಷದಲ್ಲಿ ಮುಗಿಸುವಾಕೆ ಮೊದಲ ಭಾನುವಾರ ಮಗಳೊಂದಿಗೆ ನಾಲ್ಕೂ ಮುಕ್ಕಾಲು ನಿಮಿಷ ಮಾತಾಡಿದರು. ಮೇಷ್ಟ್ರು "ಹಲೋ ಮಗಾ" ಅನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ಎರಡನೇ ವಾರ ಅಲಾರಂ ಗಡಿಯಾರ ಮುಂದಿಟ್ಟುಕೊಂಡು ಸಮಪಾಲು ಎಂದು ಒಪ್ಪಂದವಾಯಿತು. ಗಡಿಯಾರ ಹೊಡೆದುಕೊಂಡಿತು. ಆಕೆ ಅದರ ತಲೆಗೊಂದು ಮೊಟಕಿ ಮಾತು ಮುಂದುವರಿಸಿದರು.

ಮೂರನೇ ಭಾನುವಾರ ಫೋನೇ ಬರಲಿಲ್ಲ.

ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಫೋನು ಕಾಯುತ್ತ, ದಿನವಿಡೀ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು.

"ಕಾಲು ಮುರ್ಕೊಂಡಿದಾಳೆ. ನನಗೆ ಗೊತ್ತು" ಅಂದರು ತಾಯಿ.

"ಕಾಲಲ್ಲ, ಬಾಯಿ. ಯಾರಿಗೋ ಎದುರು ಮಾತಾಡಿರ್ತಾಳೆ, ಶಿಕ್ಷೆ ಕೊಟ್ಟಿರ್ತಾರೆ."

"ಆ ಬಾಯಿ ನನ್ನ ಕಡೆಯಿಂದ ಬಂದಿದ್ದಲ್ಲ ಬಿಡಿ."

ಸೋಮವಾರ ಮೇಷ್ಟ್ರು ಹಲ್ಲಿನ ಡಾಕ್ಟರಮ್ಮನಿಗೆ ಪಾಠ ಹೇಳುತ್ತಿದ್ದರು. ಆಕೆ ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದವರು. ಪೇಟೆಯ ದೊಡ್ಡ ವೃತ್ತದೊಳಗೆ ಕಾರು ನುಗ್ಗಿತು, ಅದೇ ಹೊತ್ತಿಗೆ ಮೇಷ್ಟ್ರ ಜೇಬು ರಿಂಗಾಯಿತು. ಪಾಠದ ಹೊತ್ತಿನಲ್ಲಿ ಫೋನು ಮುಟ್ಟಿದವರನ್ನು ಕಾರಿನಿಂದ ಇಳಿಸಿದ ಮನುಷ್ಯ ಅವರು. ಈಗ ಎರಡೂ ಕೈಯಿಂದ ಫೋನು ಕಿವಿಗೊತ್ತಿಕೊಂಡರು.

"ಅಪ್ಪಾ, ನಾನು. ನಿನ್ನೆ ಗುರಿ ಹೊಡೆಯೋ ಅಭ್ಯಾಸ ಇತ್ತು, ಅದಕ್ಕೇ ಇವತ್ತು ಫೋನ್ ಕೊಟ್ರು. ಅಮ್ಮನ ನಂಬರ್ ಎಂಗೇಜು."

"ಸೈಡಿಗೆ ಹಾಕಿ!" ಎಂದರು ಮೇಷ್ಟ್ರು ಡಾಕ್ಟರಮ್ಮನಿಗೆ.

"ಆಗ್ತಿಲ್ಲ ಸಾರ್, ಯಾರೂ ಜಾಗ ಬಿಡ್ತಿಲ್ಲ!"

"ಹಾಗಾದ್ರೆ ಸುತ್ತುತ್ತಾ ಇರಿ!"

ಡಾಕ್ಟರಮ್ಮ ಸುತ್ತಿದರು. ಮೂರನೇ ಸುತ್ತಿಗೆ ಪೊಲೀಸಿನವನು ಸೀಟಿ ಊದಿದ. ಏಳನೆಯದಕ್ಕೆ ಊದುವುದನ್ನು ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತ.

"ಅಲ್ಲಿ ತುಂಬಾ ಬೈತಾರಂತೆ ಹೌದಾ ಮಗಾ?"

"ಬೈತಾರಪ್ಪ. ಕಿವಿ ಹತ್ರ ಬಂದು ಕಿರುಚ್ತಾರೆ. ಮೊದಲ ದಿನ ನಮ್ಮ ಕೋಣೆಯಲ್ಲಿ ಹನ್ನೊಂದು ಜನ ಅತ್ರು. ನಾನೊಬ್ಬಳೇ ಅಳಲಿಲ್ಲ. ಅದು ಹೇಗೆ ಅಂತ ಎಲ್ಲರೂ ಕೇಳಿದ್ರು. ನಮ್ಮಪ್ಪ ನನಗೆ ಕಾರು ಕಲಿಸಿದಾರೆ ಅಂದೆ."

ನಗಬೇಕೋ ಅಳಬೇಕೋ ಮೇಷ್ಟ್ರಿಗೆ ತಿಳಿಯಲಿಲ್ಲ. "ನಾನು ಅಷ್ಟೊಂದು ಕೂಗ್ತಿದ್ನಾ?"

"ಇವರು ಉಸಿರು ತಗೊಳ್ಳೋಕಾದ್ರೂ ನಿಲ್ಲಿಸ್ತಾರಪ್ಪ." ಅವಳು ನಕ್ಕಳು. ಆಮೇಲೆ ದನಿ ತಗ್ಗಿತು. "ಕೂಗೋವಾಗ ಏನೂ ಅನ್ಸಲ್ಲ. ಯಾರೂ ಕೂಗದೆ ಇರೋವಾಗಲೇ ಮನೆ ನೆನಪಾಗೋದು."

ಮೇಷ್ಟ್ರಿಗೆ ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಬಾಯಿಂದ ಬಂದದ್ದು ಮಾತ್ರ, "ಕನ್ನಡಿ ನೋಡ್ಕೊಂಡು ಹೋಗು ಮಗಾ." ಲೈನ್ ಕಟ್ಟಾಯಿತು.

"ಸಾರ್," ಡಾಕ್ಟರಮ್ಮನ ಮುಖ ಅರಳಿತ್ತು. "ಹದಿನಾಲ್ಕು ಸುತ್ತು. ನೀವು ಒಂದ್ಸಲಾನೂ ಬ್ರೇಕ್ ತುಳೀಲಿಲ್ಲ!"

ಸಂಜೆ ಮನೆಯಲ್ಲಿ ವಿಚಾರಣೆ ನಡೆಯಿತು. "ಏನು ತಿಂತಾಳೆ ಅಂತ ಕೇಳಿದ್ರಾ?"

"ಇಲ್ಲ."

"ಶೂ ಕಚ್ಚುತ್ತಾ ಅಂತ?"

"ಇಲ್ಲ ಕಣೇ."

"ಮತ್ತೆ ಐದು ನಿಮಿಷ ಏನ್ರೀ ಮಾಡಿದ್ರಿ?"

"ಸುತ್ತಿದೆ. ಅದಿರ್ಲಿ, ನಿನ್ನ ಫೋನ್ ಯಾಕೆ ಎಂಗೇಜಿತ್ತು?"

ಆಕೆ ಸೆರಗಿನ ಅಂಚು ನೋಡುತ್ತ ನಿಂತರು. "ಅಕ್ಕನ ಹತ್ರ ಮಾತಾಡ್ತಿದ್ದೆ. ಮಗಳ ಫೋನೇ ಬಂದಿಲ್ಲ ಅಂತ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆಕೆಯೂ ನಕ್ಕರು, ನಗುತ್ತಲೇ ಅತ್ತರು. ಮೂರು ವಾರದಿಂದ ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಬಚ್ಚಲುಮನೆಯಲ್ಲಿ ಅಳುತ್ತಿದ್ದರೆಂಬುದು ಅವತ್ತೇ ಬಯಲಾದದ್ದು.

ಹತ್ತನೇ ವಾರ ಮುಗಿದು ಪರೇಡಿನ ದಿನ ಬಂತು. ಮೈದಾನದಲ್ಲಿ ಇನ್ನೂರು ಹುಡುಗಿಯರು, ಎಲ್ಲರಿಗೂ ಒಂದೇ ಟೋಪಿ, ಒಂದೇ ನಡಿಗೆ. "ಮೂರನೇ ಸಾಲು, ಕೊನೇಲಿ! ಆ ಕತ್ತು ನೋಡ್ರೀ, ನಮ್ಮಮ್ಮನ ಕತ್ತೇ!" ಎಂದು ತಾಯಿ ಎದ್ದು ನಿಂತರು. ಇಬ್ಬರೂ ತೋಳು ಸೋಲುವ ತನಕ ಕೈ ಬೀಸಿದರು. ಮೇಷ್ಟ್ರು ಇಪ್ಪತ್ತಾರು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ "ಶಭಾಷ್ ಮಗಾ!" ಎಂದು ಕೂಗಿ ಕೂಗಿ ದನಿ ಕಳೆದುಕೊಂಡರು.

ಪರೇಡು ಮುಗಿದಾಗ ಆ ಹುಡುಗಿ ಇತ್ತ ತಿರುಗಿದಳು. ಯಾರ ಮಗಳೋ!

"ಅಮ್ಮಾ, ನಾನಿಲ್ಲಿ!" ಮಗಳು ಮೊದಲ ಸಾಲಿನಲ್ಲಿ, ಅವರ ಮೂಗಿನ ನೇರಕ್ಕೇ ಇದ್ದಳು. ಇಷ್ಟು ಹೊತ್ತೂ ಅವರು ನೋಡಿದ್ದು ಅವಳ ತಲೆಯ ಮೇಲಿಂದ. ತಾಯಿ ಓಡಿಹೋಗಿ ಅವಳ ಕೆನ್ನೆ, ಹೆಗಲು, ಕೈ ಎಲ್ಲ ಮುಟ್ಟಿ ನೋಡಿ, "ದಪ್ಪ ಆಗಿದೀಯಲ್ಲೇ!" ಎಂದರು. ದನಿಯಲ್ಲಿ ಖುಷಿಯೂ ಇತ್ತು, ತಮ್ಮ ಕೈಯಡುಗೆಗೆ ಆದ ಸ್ವಲ್ಪ ಅವಮಾನವೂ.

ಅಷ್ಟರಲ್ಲಿ ಮೂರನೇ ಸಾಲಿನ ಹುಡುಗಿ ಹತ್ತಿರ ಬಂದಳು. "ಆಂಟಿ, ನನಗೆ ಕೈ ಬೀಸಿದ್ದು ನೀವೇನಾ? ನಮ್ಮನೆಯಿಂದ ಯಾರಿಗೂ ಬರೋಕಾಗಲಿಲ್ಲ. ಯಾರಪ್ಪ ಇವರು ಅಂತ ಯೋಚಿಸ್ತಾ ಹೆಜ್ಜೇನೇ ತಪ್ಪೋದ್ರಲ್ಲಿದ್ದೆ."

"ತಪ್ಪಲಿಲ್ಲವಲ್ಲ ಕಂದಾ. ಬಾ ಇಲ್ಲಿ" ಎಂದು ತಾಯಿ ಇನ್ನೊಂದು ತೋಳನ್ನು ಅವಳಿಗೆ ಚಾಚಿದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಬರೀ ಗಾಳಿ ಹೊರಬಂತು. ಇಬ್ಬರು ಹುಡುಗಿಯರೂ ಬಿದ್ದು ಬಿದ್ದು ನಕ್ಕರು.