ಮಹಡಿ ಮೇಲಿನ ಅಕ್ಕನ ಮಡಿಲಕ್ಕಿ

ಮೊನ್ನೆ ತವರು ಮನೆಗೆ ಸುಣ್ಣ ಬಳಿಸಲೆಂದು ಮಹಡಿಯ ಕೋಣೆ ಖಾಲಿ ಮಾಡಿಸುವಾಗ ಅಟ್ಟದ ಮೇಲೆ ಒಂದು ಹುಲ್ಲಿನ ಟೋಪಿ ಸಿಕ್ಕಿತು. ಅಂಚು ಮುರಿದಿತ್ತು. ಮೂಗಿಗೆ ಹಿಡಿದರೆ ಬರೀ ಧೂಳು, ಅದರಡಿಯಲ್ಲೆಲ್ಲೋ ಕೊಬ್ಬರಿ ಎಣ್ಣೆಯ ವಾಸನೆ... ಮಹಡಿ ಮೇಲಿನ ಅಕ್ಕನ ಟೋಪಿ ಅದು.

ಅಕ್ಕ ಜರ್ಮನಿಯವರು. ವೀರಗಲ್ಲುಗಳ ಮೇಲೆ ಸಂಶೋಧನೆ ಮಾಡಲು ಬಂದು ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಬಾಡಿಗೆಗಿದ್ದರು. ಎರಡು ವರ್ಷಕ್ಕೆಂದು ಬಂದವರು ಹಾಗೇ ಉಳಿದುಬಿಟ್ಟರು. ಬೆಳಗ್ಗೆ ಬಾಗೂರು, ಹೊಸದುರ್ಗ ಅಂತ ಬಸ್ಸು ಹತ್ತಿದರೆ ಸಂಜೆಗೆ ಮೈಯೆಲ್ಲ ಕೆಂಪು ಮಣ್ಣು. ಊಟ ಅವ್ವನ ಕೈಯದೇ. ಮುದ್ದೆ ನುಂಗುವುದರಲ್ಲಿ ನನಗಿಂತ ವಾಸಿ. ಅವ್ವ ಅವರನ್ನು ಹಿರಿಮಗಳೆಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಕಾಲೇಜು ಓದುತ್ತಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು.

ಪ್ರಬಂಧ ಮುಗಿಯಿತು, ವೀಸಾ ಕೂಡ. ಆ ಕೊನೆಯ ದಿನಗಳು ನಿದ್ದೆಗಣ್ಣಲ್ಲಿ ಕಂಡ ಹಾಗೆ ನೆನಪಿವೆ... ಸೈಕಲ್ಲು ಹಾಲಿನವನಿಗೆ ಹೋಯಿತು, ಫ್ಯಾನು ಎದುರು ಮನೆಗೆ. ಗೋಡೆಯಿಂದ ಕಲ್ಲುಗಳ ಫೋಟೊ ಕಿತ್ತ ಕಡೆಯೆಲ್ಲ ಬಿಳಿ ಚೌಕಗಳು ಉಳಿದವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಾಗಿಲಿನವರೆಗೂ ಹಾಸಿಕೊಂಡಿರುತ್ತಿತ್ತು. ಅಕ್ಕ ಅದರಲ್ಲೇ ಬರಿ ನೆಲದ ಮೇಲೆ ಕೂತು ಸುಮ್ಮನೆ ಹೊರಗೆ ನೋಡುತ್ತಿದ್ದರು. ಅವರು ಇಲ್ಲಿದ್ದಾಗಲೇ ಅವರ ತಾಯಿ ಅಲ್ಲಿ ತೀರಿಕೊಂಡಿದ್ದರು. ಊರಿಗೆ ಹೊರಟಿದ್ದರು ನಿಜ, ಅಲ್ಲಿ ಬಾಗಿಲು ತೆಗೆಯುವವರು ಯಾರೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಅವ್ವ ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಕಣ. ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವಂತೆಯೇ.

"ನಿನ್ ಮನೆಗೋಗಿ ಪಾಯಸ ಮಾಡ್ಕಂಡು ಉಣ್ಣವ್ವ. ಮಡಿಲಕ್ಕಿ ಉಂಡ್ ಮಗಳು ತವರಿಗೆ ಬಂದೇ ಬರ್ತಾಳೆ."

ಮರುದಿನ ಬೆಳಗ್ಗೆ ಮಹಡಿಯಿಂದ ಏಲಕ್ಕಿಯ ಘಮ ಇಳಿದು ಬಂತು. ಹಿಂದೆಯೇ ಅಕ್ಕ, ಕೈಯಲ್ಲಿ ಪಾಯಸದ ಪಾತ್ರೆ. ಅವ್ವ ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ, ಇದೇನವ್ವ ಮಾಡ್ಬಿಟ್ಟೆ! ತವರಿನಕ್ಕಿನ ತವರಲ್ಲೇ ಬೇಯಿಸ್ತಾರೇನವ್ವ?"

"ಅಲ್ಲಿ ನಂಗ್ಯಾವ ಮನೆ ಐತವ್ವ? ನನ್ ಮನೆ ಇದೇ," ಅಂದರು ಅಕ್ಕ, ನಮ್ಮದೇ ಮಾತಿನಲ್ಲಿ.

ಅವ್ವ ಲೋಟ ತಂದು ಎಲ್ಲರಿಗೂ ಬಗ್ಗಿಸಿದಳು. ಕಣ್ಣೊರೆಸಿಕೊಂಡು ಕುಡಿದೆವು. ಬೆಲ್ಲ ಜಾಸ್ತಿಯಾಗಿತ್ತು.

ಅಪ್ಪ ಪೆಟ್ಟಿಗೆಗಳನ್ನು ಕಾರಿಗೆ ಹಾಕುವಾಗ ಅವ್ವ ಒಳಗೋಡಿ ಇನ್ನೊಂದಿಷ್ಟು ಅಕ್ಕಿ ತಂದು ಅಕ್ಕನ ದುಪಟ್ಟಾದ ಚುಂಗಿಗೆ ಕಟ್ಟಿದಳು. "ಇದನ್ನಾದ್ರೂ ಅಲ್ಲೇ ಬೇಯಿಸ್ಕಳವ್ವ. ನೀನು ವಾಪಸ್ ಬರ್ಬೇಕು ನಂಗೆ."

ಅಲ್ಲೇ ಬೇಯಿಸಿಕೊಂಡೆನೆಂದು ಅಕ್ಕ ಫೋನು ಮಾಡಿದರು. ಬರುತ್ತೇನೆಂದು ಪ್ರತಿ ಯುಗಾದಿಗೂ ಹೇಳುತ್ತಿದ್ದರು. ಕೆಲಸ, ಕಾಯಿಲೆ, ಮತ್ತಿನ್ನೇನೋ... ಅವ್ವ ಕಾಯುತ್ತಲೇ ಇದ್ದಳು. ಹೋದ ವರ್ಷ ಅವಳೇ ಹೋಗಿಬಿಟ್ಟಳು.

ಸುದ್ದಿ ತಿಳಿಸಲು ನಾನೇ ಫೋನು ಮಾಡಿದೆ. ಅಕ್ಕ ಅವ್ವನ ಕೊನೆಯ ದಿನಗಳನ್ನೆಲ್ಲ ಕೇಳಿ ತಿಳಿದುಕೊಂಡರು. ಆಮೇಲೆ, "ಇನ್ನು ನಾನು ಬಂದ್ರೆ ಮಡಿಲು ತುಂಬೋರು ಯಾರು?" ಅಂದರು.

"ನಾನಿದ್ದೀನಲ್ಲಕ್ಕ, ಬರ್ರಿ," ಅಂದೆ. ಅಂದವಳಿಗೇ ಅಳು ಬಂತು. ನನ್ನ ಮಡಿಲು ತುಂಬುವವರೂ ಇನ್ನಿರಲಿಲ್ಲ.

ಈ ವಾರ ಮಹಡಿಗೆ ಹೊಸ ಬಾಡಿಗೆಯವರು ಬರುತ್ತಾರೆ. ಅಕ್ಕ ಈಗಲೂ ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ, ಎಲ್ಲ ವಿಚಾರಿಸುತ್ತಾರೆ. ಬರುತ್ತೇನೆ ಅನ್ನುವುದನ್ನು ಮಾತ್ರ ಬಿಟ್ಟಿದ್ದಾರೆ. ನಾನೂ ಕೇಳುವುದಿಲ್ಲ.