ಬಿಸಿ ಬಾಗಿಲು

ಅಮೆರಿಕದ ಸೈಪ್ರೆಸ್ ಎಂಬ ಊರಿನ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಫೈರ್ ಸೈನ್ಸ್ ಓದುತ್ತಿದ್ದಾಗ ನನ್ನ ತರಗತಿಯಲ್ಲಿ ಕನ್ನಡ ಮಾತಾಡುವ ಇನ್ನೊಬ್ಬರಿದ್ದರು. ಧಾರವಾಡದ ಕಡೆಯವರು, ನನ್ನ ತಂದೆಯ ವಯಸ್ಸು. ಆ ವಯಸ್ಸಿನವರನ್ನು ಯಾವ ಫೈರ್ ಸ್ಟೇಷನ್ನೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೂ ಮೊದಲ ಸಾಲಿನಲ್ಲೇ ಕೂರುತ್ತಿದ್ದರು. ತರಗತಿ ಮುಗಿದರೂ ಏಳುತ್ತಿರಲಿಲ್ಲ.

ಬೆಂಕಿ ಬಿದ್ದ ಮನೆಯಲ್ಲಿ ಬಾಗಿಲಿಗೆ ಕೈಯ ಹಿಂಬದಿ ತಾಗಿಸಿ ನೋಡಬೇಕು, ಬಿಸಿಯಿದ್ದರೆ ತೆರೆಯಬಾರದು ಎಂದು ನಮಗೆ ಮೊದಲ ವಾರವೇ ಕಲಿಸಿದ್ದರು. ಅಂದಿನಿಂದ ಅವರು ಕ್ಯಾಂಟೀನಿನ ಬಾಗಿಲಿಗೂ ಹಾಗೇ ಕೈಯಿಡುತ್ತಿದ್ದರು. “ಮೊದಲ ಮುಟ್ಟಿ ನೋಡಬೇಕಪಾ,” ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಸೆಪ್ಟೆಂಬರಿನ ಒಂದು ಸಂಜೆ ಅವರ ಕಾರು ಕೆಟ್ಟಿತ್ತು. ನಾನೇ ಡ್ರಾಪ್ ಮಾಡಿದೆ. ಪಶ್ಚಿಮಕ್ಕೆ ಮುಖ ಮಾಡಿದ ಮನೆ. ಕೀ ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ಮುಟ್ಟಿ ನೋಡಿದರು.

“ಬಿಸಿ ಅದ. ಆರೋ ತನಕ ಇಲ್ಲೇ ಕೂಡೋಣು,” ಎಂದು ಮೆಟ್ಟಿಲ ಮೇಲೆ ಕುಳಿತೇಬಿಟ್ಟರು. ಅಲ್ಲಿ ಒಂದು ಹಳೆಯ ದಿಂಬು, ನೀರಿನ ಬಾಟಲಿ ಮೊದಲೇ ಇದ್ದವು.

“ಅಂಕಲ್, ಅದು ಬಿಸಿಲಿಗೆ ಕಾದಿರೋದು. ಒಳಗೆ ಏನೂ ಆಗಿಲ್ಲ.”

“ಗೊತ್ತದಪಾ. ಒಳಗ ಯಾರೂ ಇಲ್ಲ,” ಎಂದು ದಿಂಬನ್ನು ನನ್ನ ಕಡೆ ಸರಿಸಿದರು.