ಭಾವನ ರಿವಾಲ್ವರು ತಿರುಗಲೊಲ್ಲದು

ನಮ್ಮ ಭಾವ ತಮ್ಮ ರಿವಾಲ್ವರನ್ನು ಬೈದದ್ದನ್ನು ನಾನು ಮೊದಲ ಸಲ ಕೇಳಿದ್ದು ಕುರುಗೋಡಿನ ಅವರ ಮನೆಯ ಪಡಸಾಲೆಯಲ್ಲಿ, ಮೋಡ ಕವಿದ ಒಂದು ಭಾನುವಾರ. ಅಕ್ಕನನ್ನು, ನನ್ನನ್ನು, ಸಿರುಗುಪ್ಪದ ಬಸ್ಸನ್ನು ಬೈಯುವುದು ಅವರ ನಿತ್ಯಕರ್ಮದಲ್ಲಿ ಸೇರಿತ್ತು. ರಿವಾಲ್ವರಿಗೆ ಮಾತ್ರ ಆ ಮನೆಯಲ್ಲಿ ಹಿರಿಯರ ಸ್ಥಾನ. ಅದಕ್ಕೇ ಬೈಗುಳ ಬಿದ್ದಿದೆ ಎಂದ ಮೇಲೆ ಏನೋ ಅನಾಹುತವಾಗಿದೆ ಎಂದುಕೊಂಡೇ ಚಪ್ಪಲಿ ಬಿಟ್ಟು ಒಳಗೆ ಹೋದೆ.

"ತಿರಗವಲ್ದು ಲೇ ಹಾಳಾದ್ದು," ಎಂದರು.

ಭಾವ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ತೀರಿಹೋದ ಒಬ್ಬ ಜಮೀನ್ದಾರರ ರಿವಾಲ್ವರನ್ನು ಬಳ್ಳಾರಿಯ ಬಂದೂಕಿನ ಅಂಗಡಿಯ ಮೂಲಕ ಸೆಕೆಂಡ್ ಹ್ಯಾಂಡ್ ಕೊಂಡು, ಲೈಸೆನ್ಸ್ ಮಾಡಿಸಿ, ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಗನ್‌ಮ್ಯಾನ್ ಆಗಿದ್ದರು. ಗಿರಣಿಯ ಹಣ ಬ್ಯಾಂಕಿಗೆ ಹೋಗುವಾಗ ಜೀಪಿನಲ್ಲಿ ಡ್ರೈವರನ ಪಕ್ಕ ಕೂಡುವುದು, ಉಳಿದ ಹೊತ್ತು ಆಫೀಸಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಗಂಭೀರವಾಗಿರುವುದು. ಇಷ್ಟು ವರ್ಷಗಳಲ್ಲಿ ಒಂದು ಗುಂಡೂ ಹಾರಿರಲಿಲ್ಲ. ಕಳ್ಳರು ತಮ್ಮ ಮೀಸೆ ನೋಡಿಯೇ ವಾಪಸ್ ಹೋಗುತ್ತಾರೆಂದು ಭಾವ ನಂಬಿದ್ದರು. ಕಳ್ಳರ ಅಭಿಪ್ರಾಯ ಯಾರೂ ಕೇಳಿರಲಿಲ್ಲ.

ಈಗ ಗಾರ್ಡುಗಳನ್ನು ಒದಗಿಸುವ ಏಜೆನ್ಸಿಯವರು ಹೊಸ ಹುಕುಂ ಹೊರಡಿಸಿದ್ದರು. ಎಲ್ಲ ಗನ್‌ಮ್ಯಾನುಗಳೂ ಬರುವ ವಾರ ಬಳ್ಳಾರಿಯಲ್ಲಿ ಅಧಿಕಾರಿಯ ಎದುರು ಗುರಿಯಿಟ್ಟು ಗುಂಡು ಹಾರಿಸಿ ತೋರಿಸಬೇಕು. ಹಾರಿಸದವನು ಮನೆಗೆ. ಪಿಂಚಣಿ ಬರುತ್ತಿದ್ದುದರಿಂದ ಭಾವನಿಗೆ ಊಟದ ಚಿಂತೆ ಇರಲಿಲ್ಲ.

"ಆ ಕುರ್ಚಿ ಹೋತಂದ್ರ ನಾ ಯಾರು ಹೇಳು? ಸಂತಿಗೆ ಚೀಲ ಹಿಡ್ಕಂಡು ನಿಮ್ಮಕ್ಕನ ಹಿಂದ ಹೋಗಾವ," ಎಂದರು.

ಒಳಗಿನಿಂದ ಅಕ್ಕ, "ಚೀಲ ಹಿಡಿಯಾಕೂ ಬರಬೇಕಲ್ರಿ," ಎಂದಳು.

ತುಂಗಭದ್ರಾ ಕಾಲುವೆಯ ತೂಬುಗಳ ಗೇಟು ಏರಿಸಿ ಇಳಿಸಿ ಸರ್ಕಾರಿ ನೌಕರಿ ಮುಗಿಸಿದವನು ನಾನು. ಹಟ ಹಿಡಿದ ಕಬ್ಬಿಣದ ಬಗ್ಗೆ ನನ್ನ ಶಾಸ್ತ್ರಜ್ಞಾನ ಎರಡೇ ಸೂತ್ರದ್ದು: ಗ್ರೀಸು ಹಚ್ಚು, ಬಿಡದಿದ್ದರೆ ಸುತ್ತಿಗೆ ತಾ. ಎರಡನೆಯದನ್ನು ಬಾಯಿಬಿಟ್ಟು ಹೇಳಿದಾಗ ಭಾವ ನನ್ನತ್ತ ನೋಡಿದ ನೋಟಕ್ಕೆ ಗುಂಡು ಬೇಕಿರಲಿಲ್ಲ. ಗುಂಡುಗಳನ್ನು ಮೊದಲೇ ತೆಗೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ಹಾಕಿದ್ದನ್ನು ನನಗೊಮ್ಮೆ ಜಗ್ಗಿ ತೋರಿಸಿದರು. ಆಮೇಲೆ ಗುಂಡು ಕೂಡುವ ಆರು ಮನೆಗಳ ಆ ಸಿಲಿಂಡರನ್ನು ಬೆರಳಿನಿಂದ ತಿರುಗಿಸಿದರು. ಬೀಸುಕಲ್ಲಿಗೆ ಮರಳು ಸಿಕ್ಕಿದಂತೆ ಕರಕರ ಎಂದು ಸ್ವಲ್ಪ ಸರಿದು ನಿಂತಿತು. ಟ್ರಿಗರ್ ಒತ್ತಿದರೆ ಅರ್ಧಕ್ಕೇ ಕಲ್ಲಾಗುತ್ತಿತ್ತು. ಬಗ್ಗಿರಬಹುದು ಎಂದರು. ಬೆಳಕಿಗೆ ಹಿಡಿದು ನೋಡಿದೆವು, ಬಗ್ಗಿರಲಿಲ್ಲ. ತುಕ್ಕು ಎಂದೆ. ತುಕ್ಕೂ ಇರಲಿಲ್ಲ. ಇಬ್ಬರು ಪಂಡಿತರೂ ಅಲ್ಲಿಗೆ ಸೋತೆವು.

ಮರುದಿನ ರಿವಾಲ್ವರನ್ನು ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ಬಳ್ಳಾರಿ ಬಸ್ ಹತ್ತಿದೆವು. ಹಸುಗೂಸನ್ನು ದವಾಖಾನೆಗೆ ಒಯ್ಯುವವರಂತೆ ಭಾವ ಚೀಲವನ್ನು ತೊಡೆಯ ಮೇಲೆ ಅವಚಿಕೊಂಡಿದ್ದರು. ಪಕ್ಕದ ಹೆಂಗಸು ಸರಿದು ಜಾಗ ಬಿಟ್ಟಳು, ಪಾಪ.

ಅಂಗಡಿಯ ರಿಪೇರಿಯವ ತೆಲುಗು ಬೆರೆತ ಕನ್ನಡದ ಮುದುಕ. ನಡು ಮುರಿದು ತೆರೆಯುವ ರಿವಾಲ್ವರು ಅದು. ತೆರೆದು, ಖಾಲಿ ಮನೆಗಳನ್ನು ಎಣಿಸಿ, ಸಿಲಿಂಡರನ್ನು ಹೊರಗೆಳೆದ. ಗುಂಡಿನ ಖಾಲಿ ಕೊಳವೆಗಳನ್ನು ಹೊರದಬ್ಬುವ ನಕ್ಷತ್ರದಾಕಾರದ ಒಂದು ತಗಡು ಅದರ ಬೆನ್ನಿಗಿರುತ್ತದೆ. ಅದರ ಕೆಳಗೆ ಸೂಜಿ ಹಾಕಿ ಕೆದಕಿದ. ಕೆಂಪಗೆ, ಕಪ್ಪಗೆ, ಅಂಟಂಟಾಗಿ ಏನೋ ಬಂತು. ಮೂಗಿಗೆ ಹಿಡಿದು, "ಏಮಪ್ಪಾ, ಇದು ತುಪಾಕಿನೋ, ಉತ್ಸವಮೂರ್ತಿನೋ?" ಎಂದ.

ಪ್ರತಿ ಮಹಾನವಮಿಗೆ ಅಕ್ಕ ಅದಕ್ಕೆ ಶೇಂಗಾ ಎಣ್ಣೆ ಸವರಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಹೂ ಏರಿಸಿ ಆಯುಧ ಪೂಜೆ ಮಾಡುತ್ತಿದ್ದಳು. ಮನೆಯ ಕುಡುಗೋಲು, ಈಳಿಗೆ, ಗೇಟಿನ ನಟ್ಟು ಬಿಗಿಯುವ ನನ್ನ ಹಳೆಯ ಪಾನಾ ಎಲ್ಲಕ್ಕೂ ಅದೇ ಮರ್ಯಾದೆ. ಕುಡುಗೋಲಿಗೆ ಹೊಟ್ಟೆಯಿಲ್ಲ, ಇದಕ್ಕಿತ್ತು. ವರ್ಷ ವರ್ಷದ ಭಕ್ತಿ ಒಳಗಿಳಿದು, ಗಿರಣಿಯ ತೌಡಿನ ದೂಳು ಕುಡಿದು, ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು.

"ಪೂಜಿ ಮ್ಯಾಲ ಮಾಡ್ರಿ. ಒಳಗ ನೈವೇದ್ಯ ತಿನ್ನಿಸಬ್ಯಾಡ್ರಿ," ಎಂದ ಮುದುಕ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು ಜೋಡಿಸಿದ. ಗೋಡೆಯತ್ತ ಹಿಡಿದು ಖಾಲಿ ಒತ್ತಿದ. ಪ್ರತಿ ಸಲವೂ ಸಿಲಿಂಡರು ಸರಕ್ಕನೆ ತಿರುಗಿ ಟಿಕ್ ಎಂದಿತು.

ನೀವೂ ಒಮ್ಮೆ ಒತ್ತಿ ನೋಡಿ ಎಂದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. "ಅವಸರ ಏನೈತಿ," ಎಂದು ಭಾವ ಟವೆಲ್ ಸುತ್ತಿಬಿಟ್ಟರು.

ಆಮೇಲೆ ಅವರ ಖುಷಿಗೆ ಮಿತಿಯಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಿರ್ಚಿ ತಿನ್ನಿಸಿದರು. ಬಸ್ಸಿನುದ್ದಕ್ಕೂ ಪರೀಕ್ಷೆಯ ಮಾತು. ಆ ಅಧಿಕಾರಿ ತಾವು ಬಂದೂಕು ಹಿಡಿದಾಗ ಹುಟ್ಟಿಯೇ ಇರಲಿಲ್ಲವಂತೆ. ಎರಡೂ ಕಡೆ ನೀರು ನಿಂತ ಗದ್ದೆಗಳು. ಮೋಡದ ಬಣ್ಣವೇ ಅವುಗಳಿಗೂ ಬಂದಿತ್ತು. ನನಗೆ ಯಾಕೋ ಉತ್ಸಾಹ ಬರಲಿಲ್ಲ. ಮಿರ್ಚಿಯ ದೋಷವೆಂದು ತಿಳಿದೆ.

ಮನೆಯಲ್ಲಿ ಭಾವ ವಿಷಯವನ್ನೆಲ್ಲ ಅಕ್ಕನಿಗೆ ವಿವರಿಸಿ, ಅವಳ ಭಕ್ತಿಯನ್ನು ಹಳಿದು, ಗೋಡೆಯತ್ತ ಗುರಿಹಿಡಿದು ಒತ್ತಿದರು.

ತಿರುಗಲಿಲ್ಲ.

ಮತ್ತೆ ಒತ್ತಿದರು. ಅರ್ಧಕ್ಕೆ ಕಲ್ಲು. "ಆ ಮುದಿಯ ಮೋಸ ಮಾಡ್ಯಾನ. ನಾಳೆ ಮದ್ಲಿನ ಬಸ್ಸಿಗೇ ಹೋಗಾಮು," ಎಂದು ಬೆವರಿದರು. ಮತ್ತೆ ಗುರಿ ಹಿಡಿದರು. ಆಗ ನಾನು ರಿವಾಲ್ವರನ್ನು ಬಿಟ್ಟು ಕೈ ನೋಡಿದೆ. ಬಲಗೈ ಮುಂಚಾಚಿದ್ದೇ ತಡ, ಗಾಳಿಗೆ ಸಿಕ್ಕ ಬಾಳೆಲೆಯಂತೆ ಅದುರತೊಡಗಿತು. ಅದನ್ನು ನಿಲ್ಲಿಸಲು ಎಡಗೈ ತಾನಾಗಿ ಬಂದು ರಿವಾಲ್ವರಿನ ಹೊಟ್ಟೆಯನ್ನು ಅಪ್ಪಿ ಹಿಡಿಯಿತು. ಅಂಗೈ ಸಿಲಿಂಡರಿನ ಮೇಲೆ ಬಿಗಿಯಾಗಿ ಕೂತಿತ್ತು. ಚಕ್ರವನ್ನು ಮುಷ್ಟಿಯಲ್ಲಿ ಹಿಡಿದು ತಿರುಗು ಎಂದರೆ ಅದಾದರೂ ಏನು ಮಾಡೀತು?

ನನಗೆ ತಿಳಿಯಿತು.

ಭಾವ ನನ್ನ ಮುಖ ನೋಡಿದರು. ಅಷ್ಟು ವರ್ಷ ನನಗೆ ಮುಟ್ಟಗೊಡದ ರಿವಾಲ್ವರನ್ನು ತೆರೆದು ಖಾಲಿ ಇರುವುದನ್ನು ತೋರಿಸಿ, "ಹಿಡಿ. ಗ್ವಾಡಿ ಕಡಿ ಮಾಡಿ ಒತ್ತು," ಎಂದರು. ಒತ್ತಿದೆ. ತಿರುಗಿತು. ಮತ್ತೆ ಒತ್ತಿದೆ. ದರಿದ್ರದ್ದು ಎಣ್ಣೆಗಾಣದ ಹಾಗೆ ತಿರುಗಿತು.

"ನಿನ್ನ ಕೈಯಾಗ ತಿರಗತೈತಿ," ಎಂದರು.

"ಹೊಸದಾಗಿ ರಿಪೇರಿ ಆಗೈತಿ, ಇನ್ನೂ ಹೊಂದ್ಕಂಡಿಲ್ಲ ಭಾವ," ಎಂದೆ. ಇದಕ್ಕಿಂತ ಬುದ್ಧಿಗೇಡಿ ಮಾತು ನನಗೆ ಸಿಗಲಿಲ್ಲ.

ಅವರು ವಾಪಸ್ ತೆಗೆದುಕೊಂಡು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಬಲಗೈಯೊಂದರಿಂದಲೇ ಒತ್ತಿದರು. ಸಿಲಿಂಡರು ಚೆನ್ನಾಗಿಯೇ ತಿರುಗಿತು. ನಳಿಗೆಯ ತುದಿ ಮಾತ್ರ ಗೋಡೆಯ ಕ್ಯಾಲೆಂಡರಿನಿಂದ ಕಿಟಕಿಗೆ, ಕಿಟಕಿಯಿಂದ ಅಕ್ಕ ನಿಂತ ಬಾಗಿಲಿನ ಚೌಕಟ್ಟಿಗೆ ಅಲೆದು ಬಂತು. ಭಾವ ಅದನ್ನು ನೆಲದತ್ತ ಇಳಿಸಿದರು.

"ಯಾವಾಗಿಂದ ಹಿಂಗಾಗೈತಿ?" ಎಂದು ಕೇಳಿದರು. ನನ್ನನ್ನಲ್ಲ, ಅಕ್ಕನನ್ನು.

"ಹ್ವಾದ ವರ್ಷದಿಂದ," ಎಂದಳು ಅಕ್ಕ. "ನಿಮಗ ಚಾ ಅರ್ಧ ಲೋಟ ಯಾಕ ಕೊಡ್ತೀನಿ ಅಂತ ತಿಳದೀರಿ? ಹಾಲು ಉಳಸಾಕ?"

"ಹಾಲು ಉಳಸಾಕಂತ ತಿಳದಿದ್ದೆ," ಎಂದರು ಭಾವ. ಅವತ್ತು ಅವರು ಯಾರನ್ನೂ ಬೈಯಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಸಿರುಗುಪ್ಪಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಇಸ್ತ್ರಿ ಮಾಡಿದ ಸಮವಸ್ತ್ರ, ಸೊಂಟದಲ್ಲಿ ಚರ್ಮದ ಚೀಲ. ಅದರೊಳಗೆ ರಿವಾಲ್ವರು ಇರಲಿಲ್ಲ; ಅದು ಮನೆಯ ಟ್ರಂಕು ಸೇರಿತ್ತು. ಗಿರಣಿಯ ಮ್ಯಾನೇಜರ್ ಎದುರು ಅಟೆನ್ಷನ್‌ನಲ್ಲಿ ನಿಂತು ವರದಿ ಒಪ್ಪಿಸಿದರು:

"ರಿವಾಲ್ವರ್ ಕೆಟ್ಟೈತ್ರಿ. ಸಿಲಿಂಡರ್ ಹಿಡಿತೈತಿ. ಬಳ್ಳಾರಿಗೆ ಒಯ್ದಿದ್ದೆ. ರಿಪೇರಿ ಆಗಂಗಿಲ್ಲ. ನನ್ನ ಬಿಡುಗಡಿ ಮಾಡ್ರಿ."

ಮ್ಯಾನೇಜರ್ ಒಳ್ಳೆಯವನು. "ಅದಕ್ಯಾಕ ಬಿಡ್ತೀರಿ ಸಾಹೇಬ್ರ? ಬ್ಯಾರೆದು ತಗೋರಿ, ನಾವೂ ಸಹಾಯ ಮಾಡ್ತೀವಿ," ಎಂದ.

"ಬ್ಯಾರೆದು ಕೈಗೆ ಹೊಂದಂಗಿಲ್ರಿ," ಎಂದರು ಭಾವ. ಎರಡೂ ಕೈ ಬೆನ್ನ ಹಿಂದಿದ್ದವು.

ಮ್ಯಾನೇಜರನಿಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ತಿರುಗಿ, "ನೀವೂ ನೋಡೀರೇನ್ರಿ? ಖರೇನ ಕೆಟ್ಟೈತೇನು?" ಎಂದ.

ಕಬ್ಬಿಣದ ವಿಷಯದಲ್ಲಿ ಸರ್ಕಾರದ ಪಗಾರ ತಿಂದವನು ನಾನು. ಗಂಟಲು ಸರಿಮಾಡಿಕೊಂಡು ಸಾಕ್ಷಿ ನುಡಿದೆ: "ಪೂರಾ ಕೆಟ್ಟೈತ್ರಿ."

ಅವನು ಬಿಡುಗಡೆಗೆ ಒಪ್ಪಿದ. ಡ್ರೈವರ್ ಬಂದು ಭಾವನ ಕಾಲು ಮುಟ್ಟಿದ. ಭಾವ ಆಶೀರ್ವಾದಕ್ಕೆ ಕೈ ಎತ್ತಲಿಲ್ಲ. "ಚಂದಗೆ ಇರು," ಎಂದು ಬಾಯಲ್ಲೇ ಹೇಳಿದರು.

ವಾಪಸ್ ಬಸ್ಸಿನಲ್ಲಿ ಭಾವ ಕಿಟಕಿ ಪಕ್ಕ ಕೂತರು. ಮಳೆ ಹನಿಯತೊಡಗಿತ್ತು. ಗಾಜು ಸರಿಸಲು ಹೋದರು, ಆಗಲಿಲ್ಲ. ನಾನು ಕೈ ಚಾಚಿ ಸರಿಸಿದೆ. ಆಗ ನನ್ನತ್ತ ತಿರುಗಿದರು. ಕಣ್ಣಲ್ಲಿ ಸಿಟ್ಟಿತ್ತು.

"ಪೂರಾ ಅಂತ ಯಾಕ ಅಂದಿ ಲೇ? ಸ್ವಲ್ಪ ಕೆಟ್ಟೈತಿ ಅಂದಿದ್ರ ಸಾಕಿತ್ತಲ್ಲ."